ನಲ್ಲಿ ನೀರು ಕುಡಿಯೋಕೆ ಸೇಫಾ? ಫಿಲ್ಟರ್ ತರೋಕೆ ಮುಂಚೆ ಮಾಡ್ಬೇಕಾದ್ದೆಲ್ಲ, ಸ್ಟೆಪ್ ಬೈ ಸ್ಟೆಪ್

ನಲ್ಲಿ ನೀರಿನ ಮೇಲೆ ಡೌಟ್ ಬಂದ ತಕ್ಷಣ ಬಹಳ ಜನ ಮಾಡೋದು ಒಂದೇ, ಫಿಲ್ಟರ್ ತಂದು ಗೋಡೆಗೆ ಹಾಕ್ಸೋದು. ನೀರಲ್ಲಿ ಏನಿದೆ ಗೊತ್ತಿಲ್ಲ, ಎಲ್ಲಿ ಕೆಡ್ತಿದೆ ಗೊತ್ತಿಲ್ಲ, ಮಷಿನ್ ಮಾತ್ರ ಬಂದಾಯ್ತು. ಕಾಯಿಲೆ ಯಾವ್ದು ಅಂತ ನೋಡ್ದೆ ಮಾತ್ರೆ ನುಂಗೋ ಹಾಗೆ. ಇಲ್ಲಿ ನಾನು ಹೇಳ್ತಿರೋ ಆರ್ಡರ್ ಬೇರೆ: ಮೊದಲು ನೀರು ಎಲ್ಲಿ ಕೆಡ್ತಿದೆ ಅಂತ ಹಿಡಿಯೋದು, ಆಮೇಲೆ ಏನು ಸೇರ್ಕೊಂಡಿದೆ ಅಂತ ಟೆಸ್ಟ್ ಮಾಡ್ಸೋದು, ಫಿಲ್ಟರ್ ವಿಚಾರ ಬರೋದು ಕೊನೇಲಿ. ಎಷ್ಟೋ ಸಲ ಅಲ್ಲಿ ತನಕ ಹೋಗೋ ಅಗತ್ಯಾನೇ ಬೀಳಲ್ಲ, ಟ್ಯಾಂಕ್ ತೊಳೆದ್ರೆ ಮುಗೀತು.

ನೀರು ನಿಮ್ಮ ಲೋಟಕ್ಕೆ ಬರೋ ದಾರೀಲಿ ನಾಲ್ಕು ಜಾಗ ಇದೆ. ಮೂಲ (ನದಿ, ಕೆರೆ, ಬೋರ್‌ವೆಲ್), ಶುದ್ಧೀಕರಣ ಘಟಕ, ರಸ್ತೆ ಕೆಳಗಿನ ಪೈಪು, ನಿಮ್ಮ ಮನೆ ಒಳಗಿನ ಸಂಪು-ಟ್ಯಾಂಕು-ಪೈಪು-ನಲ್ಲಿ. ಜಗಳ ಮಾಡೋದೆಲ್ಲ ಮೊದಲ ಎರಡರ ಬಗ್ಗೆ, ಆದ್ರೆ ಕೊನೆ ಎರಡರಲ್ಲಿ ಕೆಡೋದೂ ಕಮ್ಮಿ ಏನಲ್ಲ.

ಸ್ಟೆಪ್ 1: ನೋಡಿ, ಮೂಸಿ, ಆದ್ರೆ ಪೂರ್ತಿ ನಂಬ್ಬೇಡಿ

ಬಣ್ಣ ಇಲ್ಲದ ಪಾರದರ್ಶಕ ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಇಟ್ಟು ನೋಡಿ. ಹಾಲಿನ ತರ ಬೆಳ್ಳಗಿದ್ದು ಒಂದೆರಡು ನಿಮಿಷದಲ್ಲಿ ಕೆಳಗಿಂದ ಮೇಲಕ್ಕೆ ತಿಳಿಯಾಗ್ತಾ ಬಂದ್ರೆ ಅದು ಬರೀ ಗಾಳಿ, ಪ್ರೆಶರ್‌ನಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಗೆ ಹೋಗ್ತಿದೆ ಅಷ್ಟೆ, ತೊಂದ್ರೆ ಇಲ್ಲ. ಮೇಲಿಂದ ತಿಳಿಯಾಗಿ ಅಡೀಲಿ ಏನೋ ಕೂತ್ಕೊಂಡ್ರೆ ಅದು ಮಣ್ಣು ಅಥವಾ ತುಕ್ಕು. ಕೆಂಪು, ಕಂದು ಬಣ್ಣ ಅಂದ್ರೆ ಹೆಚ್ಚಾಗಿ ಕಬ್ಬಿಣ, ಕಪ್ಪು ಪುಡಿ ಅಂದ್ರೆ ಮ್ಯಾಂಗನೀಸ್ ಇರ್ಬಹುದು ಇಲ್ಲಾಂದ್ರೆ ಹಳೇ ರಬ್ಬರ್ ವಾಷರ್ ಕರಗಿ ಉದುರ್ತಿರ್ಬಹುದು, ಸಿಂಕ್ ಮೇಲೆ ನೀಲಿ-ಹಸಿರು ಕಲೆ ಆಗ್ತಿದ್ರೆ ತಾಮ್ರದ ಪೈಪು ಸವೀತಿದೆ.

ವಾಸನೆ ಕೂಡ ಒಂಥರಾ ಸುಳಿವೇ. ಮಣ್ಣು ವಾಸನೆ ಬಂದ್ರೆ ಮೂಲದಲ್ಲಿ ಪಾಚಿ ಜಾಸ್ತಿ ಆಗಿರೋ ಚಾನ್ಸ್ ಇದೆ, ಜಿಯೋಸ್ಮಿನ್ ಅನ್ನೋ ವಸ್ತು ಅದಕ್ಕೆ ಕಾರಣ, ಅದನ್ನ ನಮ್ಮ ಮೂಗು ತೀರಾ ಸಣ್ಣ ಪ್ರಮಾಣದಲ್ಲೇ ಹಿಡಿದುಬಿಡುತ್ತೆ. ಕೊಳೆತ ಮೊಟ್ಟೆ ವಾಸನೆ ಬಿಸಿ ನೀರಲ್ಲಿ ಮಾತ್ರ ಬರ್ತಿದ್ರೆ ದೋಷ ನಿಮ್ಮ ಗೀಸರ್‌ದು, ತಣ್ಣೀರಲ್ಲೂ ಬಂದ್ರೆ ಮೂಲದ್ದೋ ಪೈಪಿನದ್ದೋ ಇರುತ್ತೆ. ಚರಂಡಿ ವಾಸನೆ ಬಂದ್ರೆ ಮುಂದಿನ ಸ್ಟೆಪ್ ಎಲ್ಲ ಪಕ್ಕಕ್ಕಿಟ್ಟು ಆ ನೀರು ಬಾಯಿಗೆ ಹಾಕೋದು ನಿಲ್ಲಿಸಿ. ಬಾತ್‌ರೂಮ್ ಮೂಲೇಲಿ ಗುಲಾಬಿ ಲೋಳೆ ಕಟ್ಟೋದು ನೋಡಿ ಗಾಬರಿ ಆಗೋರಿದ್ದಾರೆ, ಅದು ಗಾಳೀಲಿ ಇರೋ ಬ್ಯಾಕ್ಟೀರಿಯಾ ಒದ್ದೆ ಜಾಗದಲ್ಲಿ ಬೆಳೆಯೋದು, ಉಜ್ಜಿ ತೊಳೀರಿ ಸಾಕು.

ಈಗ ಮುಖ್ಯವಾದ ಮಾತು. ನೀರು ತಿಳಿಯಾಗಿದೆ, ರುಚಿಯಾಗಿದೆ ಅಂದ್ರೆ ಸೇಫ್ ಅಂತ ಅಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಹತ್ರ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನೆಲ್ಲ ಲೆಕ್ಕ ಹಾಕಿ ಒಂದು ಬೀದಿ ಪಂಪಿನ ಕಡೆ ಬೆರಳು ತೋರಿಸಿದ್ದು ಗೊತ್ತಿರೋ ಕತೇನೇ, ಆದ್ರೆ ಅದರಲ್ಲಿ ನಂಗೆ ಜಾಸ್ತಿ ಹಿಡಿಸೋ ವಿವರ ಬೇರೆ. ಹ್ಯಾಂಪ್‌ಸ್ಟೆಡ್‌ಗೆ ಮನೆ ಬದಲಾಯಿಸಿಕೊಂಡು ದೂರ ಹೋಗಿದ್ದ ಒಬ್ಬ ಹೆಂಗಸು, ಆ ಪಂಪಿನ ನೀರೇ ರುಚಿ ಅಂತ ಗಾಡೀಲಿ ಬಾಟಲಿಗೆ ತುಂಬಿಸಿ ತರಿಸ್ಕೊಂಡು ಕುಡೀತಿದ್ರು. ಅವರೂ ಅದೇ ಕಾಲರಾದಲ್ಲಿ ತೀರ್ಕೊಂಡ್ರು. ಸೀಸ, ಆರ್ಸೆನಿಕ್, ನೈಟ್ರೇಟ್, ಫ್ಲೋರೈಡ್ ಇವಕ್ಕೂ ಅಷ್ಟೆ, ನೀರಲ್ಲಿ ಬರೋ ಮಟ್ಟದಲ್ಲಿ ಬಣ್ಣ, ವಾಸನೆ, ರುಚಿ ಏನೂ ಇರಲ್ಲ.

ಸ್ಟೆಪ್ 2: ಎಲ್ಲಿ ಕೆಡ್ತಿದೆ ಅಂತ ಪತ್ತೆ ಮಾಡಿ

ಇದಕ್ಕೆ ದುಡ್ಡು ಬೇಡ, ಒಂದು ಬೆಳಗ್ಗೆ ಸಾಕು, ಆದ್ರೂ ಹೆಚ್ಚಿನೋರು ಮಾಡದೇ ಬಿಡೋ ಸ್ಟೆಪ್ ಇದೇ.

ರಸ್ತೆಯಿಂದ ಬರೋ ಪೈಪಿಗೆ, ಅಂದ್ರೆ ಮೀಟರ್ ಹತ್ರ ಟ್ಯಾಂಕಿಗೆ ಹೋಗೋ ಮುಂಚೇನೇ ಒಂದು ನಲ್ಲಿ ಇರುತ್ತಲ್ಲ, ಅಲ್ಲಿಂದ ಒಂದು ಲೋಟ ಹಿಡೀರಿ. ಅಡುಗೆಮನೆ ನಲ್ಲೀಲಿ ಇನ್ನೊಂದು ಲೋಟ. ಎರಡೂ ಪಕ್ಕ ಪಕ್ಕ ಇಡಿ. ಮೀಟರ್ ಹತ್ರ ಚೆನ್ನಾಗಿದ್ದು ಒಳಗೆ ಕೆಟ್ಟಿದ್ರೆ ಸಮಸ್ಯೆ ನಿಮ್ಮ ಸಂಪು, ಟ್ಯಾಂಕು ಅಥವಾ ಪೈಪಿನದು, ನೀರು ಸರಬರಾಜು ಆಫೀಸಿಗೆ ಫೋನ್ ಮಾಡಿ ಉಪಯೋಗ ಇಲ್ಲ. ಎರಡೂ ಕಡೆ ಕೆಟ್ಟಿದ್ರೆ ಅಕ್ಕಪಕ್ಕದ ಮನೇಲಿ ಕೇಳಿ. ಅವರಿಗೂ ಹಾಗೇ ಬರ್ತಿದ್ರೆ ಬೀದಿ ಪೈಪು ಇಲ್ಲಾ ಅದಕ್ಕಿಂತ ಹಿಂದೆ, ನಿಮಗೊಬ್ರಿಗೇ ಬರ್ತಿದ್ರೆ ರಸ್ತೆಯಿಂದ ನಿಮ್ಮ ಮನೆಗೆ ಬರೋ ಆ ಸಣ್ಣ ಕನೆಕ್ಷನ್ ಪೈಪು. ಅದು ಚರಂಡಿ ಪಕ್ಕದಲ್ಲೇ ಹಾದು ಬಂದಿದ್ದು ಎಲ್ಲೋ ತೂತಾಗಿದ್ರೆ ನಿಮ್ಮ ಮನೆಗೆ ಮಾತ್ರ ಗಲೀಜು ಬರುತ್ತೆ, ಪಕ್ಕದ ಮನೇಲಿ ಏನೂ ಇರಲ್ಲ.

ಬೆಳಗ್ಗೆ ಮೊದಲು ಬಿಟ್ಟ ನೀರು ಬೇರೆ, ಐದು ನಿಮಿಷ ಬಿಟ್ಟ ಮೇಲೆ ಬರೋ ನೀರು ಬೇರೆ ಅನ್ನೋದನ್ನೂ ಗಮನಿಸಿ. ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರಿಗೆ ಪೈಪಿನ ಲೋಹ ಕರಗಿರುತ್ತೆ, ಹಾಗಾಗಿ ಮೊದಲ ಲೋಟ ಮಾತ್ರ ಕೆಟ್ಟಿದ್ರೆ ಮನೆ ಪೈಪಿನ ಮೇಲೆ ಅನುಮಾನ ಪಡಿ.

ದಿನಕ್ಕೆ ಒಂದೆರಡು ಗಂಟೆ ಅಥವಾ ದಿನ ಬಿಟ್ಟು ದಿನ ನೀರು ಬಿಡೋ ಊರಾದ್ರೆ ಇನ್ನೊಂದು ವಿಚಾರ ಇದೆ. ಪೈಪ್ ತುಂಬ ನೀರಿದ್ದು ಪ್ರೆಶರ್ ಇದ್ದಾಗ ತೂತಿದ್ರೂ ನೀರು ಹೊರಗೆ ಸೋರುತ್ತೆ, ಒಳಗೆ ಏನೂ ಬರಲ್ಲ. ನೀರು ನಿಲ್ಲಿಸಿ ಪೈಪ್ ಖಾಲಿ ಆದಾಗ ಆ ತೂತಿನಿಂದಾನೇ ಸುತ್ತಲಿನ ಮಣ್ಣು ನೀರು, ಚರಂಡಿ ನೀರು ಒಳಗೆ ಎಳ್ಕೊಳುತ್ತೆ, ಮತ್ತೆ ನೀರು ಬಿಟ್ಟಾಗ ಅದೆಲ್ಲ ಮೊದಲು ಬರೋದು ನಿಮ್ಮ ಸಂಪಿಗೆ. ಅದಕ್ಕೇ ನೀರು ಬಂದ ತಕ್ಷಣ ಸಂಪಿಗೆ ಬಿಡ್ಬೇಡಿ, ಮೊದಲ ಕೆಲವು ನಿಮಿಷದ್ದು ಗಿಡಕ್ಕೋ ಅಂಗಳ ತೊಳೆಯೋಕೋ ಹೋಗಲಿ. ಇನ್ನು ಲೈನಿಗೇ ನೇರ ಮೋಟರ್ ಹಾಕಿ ಎಳೆಯೋರು ಇದ್ದಾರಲ್ಲ, ಅವರು ಪಕ್ಕದವರ ನೀರು ಕದಿಯೋದು ಒಂದು ಕಡೆ ಇರಲಿ, ಪೈಪೊಳಗೆ ಪ್ರೆಶರ್ ಬೀಳಿಸಿ ಇಡೀ ಬೀದಿಗೆ ಚರಂಡಿ ನೀರು ಎಳೆದು ಕೊಡ್ತಿದ್ದಾರೆ, ಮೊದಲ ಪಾಲು ಅವರದ್ದೇ.

ಸ್ಟೆಪ್ 3: ಕ್ಲೋರಿನ್ ನೋಡಿ

ಮನೇಲಿ ಮಾಡ್ಬಹುದಾದ ಟೆಸ್ಟ್‌ಗಳಲ್ಲಿ ಒಂದನ್ನೇ ಮಾಡಿ ಅಂದ್ರೆ ನಾನು ಇದನ್ನೇ ಹೇಳ್ತೀನಿ. ಘಟಕದಲ್ಲಿ ಕ್ಲೋರಿನ್ ಹಾಕಿ ಕಳಿಸೋದು ಅಲ್ಲಿರೋ ಕ್ರಿಮಿ ಕೊಲ್ಲೋಕೆ ಮಾತ್ರ ಅಲ್ಲ, ದಾರೀಲಿ ಏನಾದ್ರೂ ಸೇರಿದ್ರೆ ಅದನ್ನೂ ಸಾಯಿಸ್ಲಿ ಅಂತ ಸ್ವಲ್ಪ ಉಳಿಯೋ ಹಾಗೆ ಹಾಕ್ತಾರೆ. ಅದರ ಹೆಸರು ಉಳಿಕೆ ಕ್ಲೋರಿನ್. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ನೀರು ಗ್ರಾಹಕರಿಗೆ ತಲುಪೋ ಜಾಗದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರ್ಬೇಕು. ಮೇಲಿನ ಮಿತಿ 5 ಮಿಲಿಗ್ರಾಂ, ಅಷ್ಟಿದ್ರೆ ವಾಸನೆಗೇ ಕುಡಿಯೋಕಾಗಲ್ಲ.

ಇದನ್ನ ನೋಡೋಕೆ ಕ್ಲೋರಿನ್ ಟೆಸ್ಟ್ ಕಿಟ್ ಬೇಕು, ಅದರಲ್ಲಿ ಡಿಪಿಡಿ ಅನ್ನೋ ಸಣ್ಣ ಮಾತ್ರೆ ಬರುತ್ತೆ. ನಲ್ಲಿ ಒಂದೆರಡು ನಿಮಿಷ ಬಿಟ್ಟು, ಕಿಟ್ಟಿನ ಟ್ಯೂಬನ್ನ ಅದೇ ನೀರಲ್ಲಿ ತೊಳೆದು, ಗೆರೆ ತನಕ (ಸಾಮಾನ್ಯವಾಗಿ 10 ಮಿ.ಲೀ.) ತುಂಬಿ. ಮಾತ್ರೆನ ಕೈಯಲ್ಲಿ ಮುಟ್ಟದೆ ಹಾಳೆಯಿಂದ ನೇರ ಟ್ಯೂಬಿಗೆ ಹಾಕಿ, ಕಡ್ಡೀಲಿ ಪುಡಿ ಮಾಡಿ ಕಲಕಿ. ಕ್ಲೋರಿನ್ ಇದ್ರೆ ಗುಲಾಬಿ ಬಣ್ಣ ಬರುತ್ತೆ, ಜಾಸ್ತಿ ಇದ್ದಷ್ಟೂ ಗಾಢ. ಒಂದು ನಿಮಿಷದೊಳಗೆ ಬಣ್ಣದ ಪಟ್ಟಿಗೆ ಹೋಲಿಸಿ, ಹೊತ್ತು ಬಿಟ್ರೆ ಬಣ್ಣ ಬದಲಾಗುತ್ತೆ. ಮಾತ್ರೆ ಹಾಕಿದಾಗ ಗುಲಾಬಿ ಮಿಂಚಿ ತಕ್ಷಣ ಬಿಳಿಯಾದ್ರೆ ಕ್ಲೋರಿನ್ ಇಲ್ಲ ಅಂತ ಅಲ್ಲ, ವಿಪರೀತ ಇದ್ದು ಬಣ್ಣಾನೇ ತಿಂದುಹಾಕಿದೆ ಅಂತ ಅರ್ಥ. ಕೆಲವು ಊರಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ (ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು) ಬಳಸ್ತಾರೆ, ಅಲ್ಲಿ ಫ್ರೀ ಕ್ಲೋರಿನ್ (ಯಾವುದರ ಜೊತೆಗೂ ಸೇರದೆ ಉಳಿದದ್ದು) ಮಾತ್ರ ನೋಡಿದ್ರೆ ಏನೂ ಕಾಣ್ಸಲ್ಲ, ಟೋಟಲ್ ಕ್ಲೋರಿನ್ ಟೆಸ್ಟ್ ಮಾಡ್ಬೇಕು.

ಇದನ್ನೂ ಎರಡು ಕಡೆ ಮಾಡಿ. ಮೀಟರ್ ಹತ್ರ ಇದ್ದು ಅಡುಗೆಮನೇಲಿ ಸೊನ್ನೆ ಬಂದ್ರೆ, ಟ್ಯಾಂಕಲ್ಲಿ ನೀರು ಬಹಳ ದಿನ ನಿಂತಿದೆ ಇಲ್ಲಾ ಟ್ಯಾಂಕಲ್ಲಿರೋ ಕೊಳೆ ಕ್ಲೋರಿನ್‌ನ ತಿಂತಿದೆ. ಮೀಟರ್ ಹತ್ರಾನೇ ದಿನಾ ಸೊನ್ನೆ ಅಂದ್ರೆ ತಡಮಾಡದೆ ಕಂಪ್ಲೇಂಟ್ ಕೊಡಿ. ಕೆನಡಾದ ವಾಕರ್ಟನ್ ಊರಲ್ಲಿ ಮೇ 2000ದಲ್ಲಿ ಜೋರು ಮಳೆಗೆ ದನದ ಗೊಬ್ಬರದ ನೀರು ಊರಿನ ಬಾವಿಗೆ ಇಳಿದು 7 ಜನ ಸತ್ರು, ಸಾವಿರಾರು ಜನ ಮಲಗಿದ್ರು. ಆಮೇಲೆ ವಿಚಾರಣೆ ಮಾಡಿದಾಗ ಗೊತ್ತಾಗಿದ್ದು, ನೋಡ್ಕೊಳೋರು ಕ್ಲೋರಿನ್ ಅಳೀದೇನೇ ಪುಸ್ತಕದಲ್ಲಿ ಮನಸಿಗೆ ಬಂದ ಅಂಕಿ ಬರ್ಕೊಂಡು ಬರ್ತಿದ್ರು ಅಂತ.

ಟಿಡಿಎಸ್ ಮೀಟರ್ ಬಗ್ಗೆ ಸ್ವಲ್ಪ

ಪೆನ್ನಿನ ತರ ಇರೋ ಆ ಮೀಟರ್ ನೀರಿಗದ್ದಿ "ನೋಡಿ ಸಾರ್, 400 ಇದೆ, ವಿಷ" ಅಂತ ಹೆದರ್ಸೋದು ಫಿಲ್ಟರ್ ಮಾರೋರ ಹಳೇ ಆಟ. ಆ ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದನ್ನ ಅಷ್ಟೆ, ಅದರಿಂದ ಕರಗಿರೋ ಉಪ್ಪು (ಟಿಡಿಎಸ್ ಅಂದ್ರೆ ಇದೇ) ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಅಂದಾಜು ಕಟ್ಟುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಇವುಗಳ ಉಪ್ಪೇ ಅದರಲ್ಲಿ ಹೆಚ್ಚು. ಬ್ಯಾಕ್ಟೀರಿಯಾ ಅದಕ್ಕೆ ಕಾಣ್ಸೋದೇ ಇಲ್ಲ. ಆರ್ಸೆನಿಕ್ ಲೆಕ್ಕ ನೋಡಿ: ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಮೀಟರ್ ತೋರಿಸೋ ಅತಿ ಸಣ್ಣ ಅಂಕಿ 1 ಮಿಲಿಗ್ರಾಂ. ಮಿತಿಗಿಂತ ಹತ್ತು ಪಟ್ಟು ಆರ್ಸೆನಿಕ್ ಇದ್ರೂ ಮೀಟರ್ ಅಲ್ಲಾಡಲ್ಲ. ಟಿಡಿಎಸ್ 600ರ ಒಳಗಿದ್ರೆ ರುಚಿ ಚೆನ್ನಾಗಿರುತ್ತೆ, 1000 ದಾಟಿದ್ರೆ ಕುಡಿಯೋಕೆ ಕಷ್ಟ ಆಗ್ತಾ ಹೋಗುತ್ತೆ, ಅದು ರುಚಿಯ ಲೆಕ್ಕ. ಹಂಗಂತ ಮೀಟರ್ ಬಿಸಾಕ್ಬೇಡಿ, ದಿನಾ 200 ತೋರಿಸ್ತಿದ್ದದ್ದು ಇದ್ದಕ್ಕಿದ್ದಂಗೆ 700 ಆದ್ರೆ ಮೂಲ ಬದಲಾಗಿದೆ ಇಲ್ಲಾ ಏನೋ ಸೇರಿದೆ ಅಂತ ಗೊತ್ತಾಗುತ್ತೆ.

ಸ್ಟೆಪ್ 4: ಅವರ ರಿಪೋರ್ಟ್ ಕೇಳಿ, ಓದಿ

ನೀರು ಸರಬರಾಜು ಮಾಡೋರು ಟೆಸ್ಟ್ ಮಾಡಿ ರಿಪೋರ್ಟ್ ಇಟ್ಕೊಂಡಿರ್ತಾರೆ, ವೆಬ್‌ಸೈಟಲ್ಲಿ ಇಲ್ಲದಿದ್ರೆ ಬರೆದು ಕೇಳಿ. ಓದೋವಾಗ ಸರಾಸರಿ ಅಂಕಿ ನೋಡಿ ಸಮಾಧಾನ ಪಡ್ಬೇಡಿ, ಗರಿಷ್ಠ ಎಷ್ಟು ಅನ್ನೋ ಕಾಲಂ ನೋಡಿ, ಹನ್ನೊಂದು ತಿಂಗಳು ಚೆನ್ನಾಗಿದ್ದು ಒಂದು ತಿಂಗಳು ಕೆಟ್ಟಿದ್ರೂ ಸರಾಸರಿ ಚೆನ್ನಾಗೇ ಇರುತ್ತೆ. ಸ್ಯಾಂಪಲ್ ಎಲ್ಲಿ ತಗೊಂಡ್ರು ಅನ್ನೋದು ಅದಕ್ಕಿಂತ ಮುಖ್ಯ. ಘಟಕದ ಬಾಗಿಲಲ್ಲಿ ತಗೊಂಡ ಸ್ಯಾಂಪಲ್ ನಿಮ್ಮ ಬೀದಿ ಪೈಪಿನ ಬಗ್ಗೆ ಏನೂ ಹೇಳಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಅಂಕಿಗಳು ಕೈಲಿರಲಿ, ನಿಮ್ಮ ದೇಶದ ಮಿತಿ ಸ್ವಲ್ಪ ಹೆಚ್ಚು ಕಮ್ಮಿ ಇರ್ಬಹುದು. ಈ ಕೊಲಿ (E. coli, ಮಲದಲ್ಲಿರೋ ಬ್ಯಾಕ್ಟೀರಿಯಾ) 100 ಮಿ.ಲೀ. ನೀರಲ್ಲಿ ಒಂದೂ ಇರ್ಬಾರ್ದು. ಸೀಸ ಲೀಟರಿಗೆ 10 ಮೈಕ್ರೋಗ್ರಾಂ, ಆರ್ಸೆನಿಕ್ಕೂ 10. ಫ್ಲೋರೈಡ್ 1.5 ಮಿಲಿಗ್ರಾಂ. ನೈಟ್ರೇಟ್ 50 ಮಿಲಿಗ್ರಾಂ. ಇದೇ ನೈಟ್ರೇಟನ್ನ ಕೆಲವು ಲ್ಯಾಬ್ ನೈಟ್ರೋಜನ್ ಲೆಕ್ಕದಲ್ಲಿ ಬರೀತಾರೆ, ಆಗ ಮಿತಿ 11, ಹಾಗಾಗಿ ಯಾವ ಲೆಕ್ಕ ಅಂತ ನೋಡ್ದೆ ಖುಷಿ ಪಡ್ಬೇಡಿ. ಟರ್ಬಿಡಿಟಿ ಅಂದ್ರೆ ಕದಡಿರೋ ಮಟ್ಟ, 1 ಎನ್‌ಟಿಯು (ಅದನ್ನ ಅಳೆಯೋ ಯೂನಿಟ್) ಒಳಗಿದ್ರೆ ಒಳ್ಳೇದು, ಕದಡು ಜಾಸ್ತಿ ಇದ್ರೆ ಕ್ರಿಮಿಗಳು ಆ ಕಣಗಳ ಮರೇಲಿ ಕ್ಲೋರಿನ್‌ನಿಂದ ತಪ್ಪಿಸ್ಕೊಳ್ತವೆ. ಮಿಲಿಗ್ರಾಂ, ಮೈಕ್ರೋಗ್ರಾಂ ನಡುವೆ ಸಾವಿರ ಪಟ್ಟು ವ್ಯತ್ಯಾಸ, ಯೂನಿಟ್ ಎರಡು ಸಲ ನೋಡಿ.

ಸ್ಟೆಪ್ 5: ಲ್ಯಾಬಿಗೆ ಸ್ಯಾಂಪಲ್ ಕೊಡೋದು

ಮನೇಲಿರೋ ಹಳೇ ಬಾಟಲೀಲಿ ಹಿಡ್ಕೊಂಡು ಹೋದ್ರೆ ಬರೋ ರಿಪೋರ್ಟ್ ಆ ಬಾಟಲಿದು, ನೀರಿಂದಲ್ಲ. ಕ್ರಿಮಿ ಟೆಸ್ಟಿಗೆ ಲ್ಯಾಬಿನಿಂದಾನೇ ಸ್ಟೆರೈಲ್ ಬಾಟಲಿ ಇಸ್ಕೊಳಿ. ಅದರೊಳಗೆ ಸ್ವಲ್ಪ ಪುಡಿ ಇರ್ಬಹುದು, ಕೊಳೆ ಅಂತ ತೊಳೆದುಬಿಡೋರು ಇದ್ದಾರೆ, ತೊಳೀಬೇಡಿ, ಅದು ಸೋಡಿಯಂ ಥಯೋಸಲ್ಫೇಟ್, ನೀರಲ್ಲಿರೋ ಕ್ಲೋರಿನ್‌ನ ಅಲ್ಲೇ ನಿಲ್ಲಿಸುತ್ತೆ, ಇಲ್ಲದಿದ್ರೆ ಲ್ಯಾಬ್ ಸೇರೋ ತನಕ ಕ್ಲೋರಿನ್ ಕ್ರಿಮಿ ಕೊಲ್ತಾನೇ ಇದ್ದು ರಿಪೋರ್ಟ್ ಸುಳ್ಳು ಚೆನ್ನಾಗಿ ಬರುತ್ತೆ.

ನಲ್ಲಿ ತುದೀಲಿ ಜಾಲರಿ ಇದ್ರೆ ಬಿಚ್ಚಿ. ನಲ್ಲಿ ಬಾಯಿನ ಸ್ಪಿರಿಟ್ ಇಲ್ಲಾ ಬ್ಲೀಚ್ ಹಚ್ಚಿದ ಬಟ್ಟೇಲಿ ಒರೆಸಿ, ಎರಡು ಮೂರು ನಿಮಿಷ ನೀರು ಬಿಡಿ, ಆಮೇಲೆ ಧಾರೆ ಸಣ್ಣದು ಮಾಡಿ. ಕೈ ತೊಳ್ಕೊಂಡು ಮುಚ್ಚಳ ತೆಗೀರಿ, ಮುಚ್ಚಳದ ಒಳಭಾಗ ಮುಟ್ಬೇಡಿ, ಎಲ್ಲೂ ಕೆಳಗಿಡ್ಬೇಡಿ, ಬಾಟಲಿ ಬಾಯಿ ನಲ್ಲಿಗೆ ತಾಗ್ಬಾರ್ದು. ಕಂಠದ ತನಕ ತುಂಬದೆ ಸ್ವಲ್ಪ ಗಾಳಿ ಜಾಗ ಬಿಡಿ, ಐಸ್ ಜೊತೆ ಡಬ್ಬೀಲಿಟ್ಟು ಆದಷ್ಟು 6 ಗಂಟೆಯೊಳಗೆ ತಲುಪಿಸಿ, ತೀರಾ ಅಂದ್ರೆ 24.

ಸೀಸದ ಟೆಸ್ಟಿಗೆ ಇದೆಲ್ಲ ಉಲ್ಟಾ. ರಾತ್ರಿ ಕನಿಷ್ಠ 6 ಗಂಟೆ ಯಾವ ನಲ್ಲೀನೂ ಮುಟ್ಟದೆ ಬೆಳಗ್ಗೆ ಬರೋ ಮೊದಲ ಲೀಟರೇ ಬೇಕು, ಜಾಲರಿನೂ ಬಿಚ್ಚಬೇಡಿ. ನೀರು ಬಿಟ್ಟ ಮೇಲೆ ಹಿಡಿದ್ರೆ ಸೀಸ ಎಲ್ಲ ಕೊಚ್ಕೊಂಡು ಹೋಗಿ ಮನೆ ಪೈಪಿನ ಗುಟ್ಟು ಗೊತ್ತಾಗೋದೇ ಇಲ್ಲ. ಅಮೆರಿಕದ ಫ್ಲಿಂಟ್ ಊರಲ್ಲಿ 2014ರಲ್ಲಿ ಆಗಿದ್ದು ನೆನಪಿರ್ಬಹುದು, ಮೂಲ ಬದಲಾಯಿಸಿ ನದಿ ನೀರು ಕೊಟ್ರು, ಪೈಪ್ ಸವೆಯದ ಹಾಗೆ ಹಾಕ್ಬೇಕಾದ ರಾಸಾಯನಿಕ ಹಾಕ್ಲಿಲ್ಲ, ಪೈಪಿನ ಸೀಸ ಎಲ್ಲ ನಲ್ಲಿಗೆ ಬಂತು.

ಏನೇನು ಟೆಸ್ಟ್ ಮಾಡ್ಸೋದು? ಟೋಟಲ್ ಕೋಲಿಫಾರ್ಮ್ (ಈ ಕೊಲಿನೂ ಸೇರಿರೋ ಬ್ಯಾಕ್ಟೀರಿಯಾ ಗುಂಪು), ಈ ಕೊಲಿ, ಪಿಎಚ್, ಟರ್ಬಿಡಿಟಿ, ಗಡಸುತನ, ನೈಟ್ರೇಟ್ ಇಷ್ಟು ಎಲ್ರಿಗೂ. ಬೋರ್‌ವೆಲ್ ನೀರು ಸೇರ್ತಿದ್ರೆ ಫ್ಲೋರೈಡ್, ಆರ್ಸೆನಿಕ್, ಕಬ್ಬಿಣ ಸೇರಿಸಿ, ಹಳೇ ಕಟ್ಟಡ ಆದ್ರೆ ಸೀಸ. ಟೋಟಲ್ ಕೋಲಿಫಾರ್ಮ್ ಮಾತ್ರ ಬಂದು ಈ ಕೊಲಿ ಇಲ್ಲ ಅಂದ್ರೆ ಮಣ್ಣೋ ಟ್ಯಾಂಕಿನ ಕೊಳೆಯೋ ಇರ್ಬಹುದು, ತೊಳೆದು ಮತ್ತೆ ಟೆಸ್ಟ್ ಮಾಡ್ಸಿ. ಈ ಕೊಲಿ ಬಂತು ಅಂದ್ರೆ ಮಲ ಸೇರಿದೆ, ಮನುಷ್ಯರದ್ದೋ ಪ್ರಾಣೀದೋ, ಅವತ್ತಿಂದಾನೇ ಕುದಿಸಿ ಕುಡೀರಿ.

ಸ್ಟೆಪ್ 6: ಸಂಪು, ಟ್ಯಾಂಕು

ಪೂರ್ತಿ ಖಾಲಿ ಮಾಡಿ, ಗೋಡೆ ಉಜ್ಜಿ, ಅಡೀಲಿ ಕೂತ ಕೆಸರು ತೆಗೆದು, ನೀರು ತುಂಬಿ ಕ್ಲೋರಿನ್ ಹಾಕ್ಬೇಕು. 5% ಇರೋ ವಾಸನೆ-ಬಣ್ಣ ಸೇರಿಸದ ಲಿಕ್ವಿಡ್ ಬ್ಲೀಚ್ ಆದ್ರೆ 1000 ಲೀಟರಿಗೆ 1 ಲೀಟರ್, ಆಗ ಲೀಟರಿಗೆ 50 ಮಿಲಿಗ್ರಾಂ ಆಗುತ್ತೆ. ಎಲ್ಲ ನಲ್ಲಿ ತಿರುಗಿಸಿ ಕ್ಲೋರಿನ್ ವಾಸನೆ ಬರೋ ತನಕ ಬಿಟ್ಟು ಮುಚ್ಚಿ, ಪೈಪಿಗೂ ಹೋಗ್ಲಿ. ಒಂದು ದಿನ ಹಾಗೇ ಬಿಟ್ಟು ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ ತೊಳೀರಿ, ಆ ಮಧ್ಯೆ ಯಾರೂ ಕುಡೀಬಾರ್ದು, ಮನೇಲಿ ಎಲ್ರಿಗೂ ಹೇಳಿಡಿ. ಬ್ಲೀಚಿಂಗ್ ಪೌಡರ್ ಆದ್ರೆ ಹೊಸ ಪ್ಯಾಕೆಟ್ ತಗೊಳಿ, ತೆರೆದಿಟ್ಟ ಹಳೇ ಪುಡೀಲಿ ಕ್ಲೋರಿನ್ ಹಾರಿಹೋಗಿರುತ್ತೆ. ಬ್ಲೀಚ್ ಜೊತೆ ಆಸಿಡ್ ಆಗ್ಲಿ ಬೇರೆ ಕ್ಲೀನರ್ ಆಗ್ಲಿ ಸೇರಿಸ್ಬೇಡಿ, ವಿಷಗಾಳಿ ಬರುತ್ತೆ, ಅದೂ ಮುಚ್ಚಿದ ಸಂಪೊಳಗೆ ಅಂದ್ರೆ ಪ್ರಾಣಕ್ಕೇ ಬರುತ್ತೆ. ಸಂಪೊಳಗೆ ಒಬ್ರೇ ಇಳೀಬೇಡಿ. ಮುಚ್ಚಳ ಗಟ್ಟಿಯಾಗಿ ಕೂರ್ಬೇಕು, ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಇರ್ಬೇಕು, ಪಕ್ಷಿ ಹಲ್ಲಿ ಒಳಗೆ ಬರೋದು ಅಲ್ಲಿಂದಾನೇ.

ಸ್ಟೆಪ್ 7: ಈಗ ಫಿಲ್ಟರ್, ರಿಪೋರ್ಟ್ ಕೈಲಿಟ್ಕೊಂಡು

ಬರೀ ಕ್ಲೋರಿನ್ ವಾಸನೆ ಇಲ್ಲಾ ಮಣ್ಣು ವಾಸನೆ ಕಾಟ ಅಂದ್ರೆ ಕಾರ್ಬನ್ ಫಿಲ್ಟರ್ ಸಾಕು. ಆದ್ರೆ ಕ್ಲೋರಿನ್ ಹೋದ ಮೇಲೆ ಕಾರ್ಬನ್ನಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತೆ, ಟೈಮಿಗೆ ಬದಲಾಯಿಸ್ಬೇಕು. ಕ್ರಿಮಿ ಸಮಸ್ಯೆ ಅಂದ್ರೆ ಯುವಿ (ಅತಿನೇರಳೆ ಬೆಳಕಲ್ಲಿ ಕ್ರಿಮಿ ಕೊಲ್ಲೋದು) ಇಲ್ಲಾ ಯುಎಫ್ (ತೀರಾ ಸಣ್ಣ ತೂತಿನ ಪೊರೇಲಿ ಸೋಸೋದು). ಯುವಿ ಬೆಳಕು ಕದಡಿದ ನೀರಲ್ಲಿ ಒಳಗೆ ಹೋಗಲ್ಲ, ಅದಕ್ಕೆ ಮುಂಚೆ ಸೋಸ್ಬೇಕು. ಕ್ಲೋರಿನ್ನಿಗೆ ಬಗ್ಗದ ಕ್ರಿಮಿನೂ ಇದೆ: 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಪ್ಟೋಸ್ಪೋರಿಡಿಯಂ ಅನ್ನೋದು ಘಟಕದ ಸೋಸುವಿಕೆ ದಾಟಿ ಬಂದು ಸುಮಾರು 4 ಲಕ್ಷ ಜನಕ್ಕೆ ಭೇದಿ ಆಯ್ತು, ಅದಕ್ಕೆ ಯುವಿ, ಒಳ್ಳೇ ಫಿಲ್ಟರ್ ಇಲ್ಲಾ ಕುದಿಸೋದೇ ದಾರಿ. ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್, ಉಪ್ಪು ಅಂದ್ರೆ ಆರ್‌ಓ (ಕರಗಿರೋದನ್ನೂ ತಡೆಯೋ ಪೊರೆ ಮೂಲಕ ಒತ್ತಡದಲ್ಲಿ ನೀರು ದಾಟಿಸೋದು) ಬೇಕು. ಇವ್ಯಾವ್ದೂ ಇಲ್ದೆ ಆರ್‌ಓ ಹಾಕ್ಸಿದ್ರೆ ನೀರು ವೇಸ್ಟ್ ಮಾಡಿ, ಇದ್ದ ಖನಿಜನೂ ತೆಗೆದು ಚರಂಡಿಗೆ ಬಿಟ್ಟ ಹಾಗೆ. ಗಡಸು ನೀರಿಂದ ಗೀಸರ್ ಹಾಳಾಗುತ್ತೆ, ಪಾತ್ರೆ ಬಿಳಿ ಕಟ್ಟುತ್ತೆ, ಆರೋಗ್ಯಕ್ಕೆ ಅದರಿಂದ ಭಯ ಇಲ್ಲ.

ಸೀಸ ಇದ್ರೆ ಅದಕ್ಕಂತಾನೇ ಸರ್ಟಿಫೈ ಆಗಿರೋ ಫಿಲ್ಟರ್ ನೋಡಿ, ಅಲ್ಲಿ ತನಕ ಬೆಳಗ್ಗೆ ನೀರು ಬಿಟ್ಟು ಆಮೇಲೆ ಹಿಡೀರಿ, ಅಡುಗೆಗೆ ಗೀಸರ್ ನೀರು ಬಳಸ್ಬೇಡಿ, ಬಿಸಿ ನೀರು ಸೀಸನ ಜಾಸ್ತಿ ಕರಗಿಸುತ್ತೆ.

ಕುದಿಸೋದು, ಮತ್ತೆ ಎಮರ್ಜೆನ್ಸಿ

ಕುದಿಸೋದು ಅಂದ್ರೆ ದೊಡ್ಡ ಗುಳ್ಳೆ ಬಂದು ಕೊತಕೊತ ಅನ್ನೋ ಹಾಗೆ ಒಂದು ನಿಮಿಷ, ಸಮುದ್ರ ಮಟ್ಟದಿಂದ 2000 ಮೀಟರಿಗಿಂತ ಎತ್ತರದ ಊರಾದ್ರೆ ಮೂರು ನಿಮಿಷ. ಅರ್ಧ ಗಂಟೆ ಕುದಿಸೋದು ಗ್ಯಾಸ್ ದಂಡ. ಆದ್ರೆ ಕುದಿಸಿದ್ರೆ ಸಾಯೋದು ಕ್ರಿಮಿ ಮಾತ್ರ, ಸೀಸ, ಆರ್ಸೆನಿಕ್, ನೈಟ್ರೇಟ್ ಎಲ್ಲೂ ಹೋಗಲ್ಲ, ನೀರು ಆವಿ ಆದಷ್ಟೂ ಉಳಿದಿದ್ದರಲ್ಲಿ ಅವು ದಟ್ಟ ಆಗ್ತವೆ. ನೈಟ್ರೇಟ್ ಜಾಸ್ತಿ ಇರೋ ನೀರನ್ನ ಕುದಿಸಿ ಹಸುಗೂಸಿನ ಹಾಲಿನ ಪುಡಿಗೆ ಹಾಕೋದು ಅಪಾಯ, ರಕ್ತ ಆಮ್ಲಜನಕ ಸಾಗಿಸೋ ಶಕ್ತಿ ಕಳ್ಕೊಂಡು ಮಗು ನೀಲಿಗಟ್ಟುತ್ತೆ. ಕುದಿಸೋಕೆ ಆಗದಿದ್ರೆ 5-6% ಬ್ಲೀಚ್ ಲೀಟರಿಗೆ 2 ಹನಿ, ಕದಡಿದ್ರೆ ಬಟ್ಟೇಲಿ ಸೋಸಿ 4 ಹನಿ, ಕಲಕಿ 30 ನಿಮಿಷ ಬಿಡಿ, ಲೈಟಾಗಿ ಕ್ಲೋರಿನ್ ವಾಸನೆ ಬರ್ಬೇಕು. ಕುದಿಸಿದ ನೀರನ್ನ ಅದೇ ಪಾತ್ರೇಲಿ ಮುಚ್ಚಿಡಿ, ಅದರೊಳಗೆ ಲೋಟ ಕೈ ಅದ್ದೋದಾದ್ರೆ ಕುದಿಸಿದ್ದೇ ದಂಡ.

ಕಂಪ್ಲೇಂಟ್ ಕೊಡೋವಾಗ "ನೀರು ಸರಿ ಇಲ್ಲ" ಅಂತ ಬರೆದ್ರೆ ಯಾರೂ ತಿರುಗಿ ನೋಡಲ್ಲ. ತಾರೀಕು, ಟೈಮು, ಮೀಟರ್ ಹತ್ರ ಹಿಡಿದದ್ದು ಅನ್ನೋ ಮಾತು, ಉಳಿಕೆ ಕ್ಲೋರಿನ್ ಎಷ್ಟು ಬಂತು, ಬೀದೀಲಿ ಇನ್ನೆಷ್ಟು ಮನೇಲಿ ಹೀಗಿದೆ, ಲೋಟದ ಫೋಟೋ, ಲ್ಯಾಬ್ ರಿಪೋರ್ಟ್ ಇಷ್ಟು ಹಾಕಿ, ಕಂಪ್ಲೇಂಟ್ ನಂಬರ್ ಬರೆಸ್ಕೊಳಿ. ಮನೇಲಿ ಭೇದಿ, ವಾಂತಿ ಆಗ್ತಿದ್ರೆ ಆರೋಗ್ಯ ಇಲಾಖೆಗೂ ಹೇಳಿ, ಒಂದೇ ಬೀದಿಯಿಂದ ನಾಲ್ಕು ಜನ ಹೇಳಿದಾಗಲೇ ಅವರಿಗೆ ವಿಷಯ ಗೊತ್ತಾಗೋದು.

ನೀರು ಸರಿ ಹೋಯ್ತು, ಇನ್ನು ಕುದಿಸ್ಬೇಕಾಗಿಲ್ಲ ಅಂತ ಅವರು ಹೇಳಿದ ಮೇಲೂ ಮನೆ ಒಳಗೆ ಹಳೇ ನೀರು ಉಳಿದಿರುತ್ತೆ. ಟ್ಯಾಂಕ್ ಖಾಲಿ ಮಾಡಿ ತೊಳೀರಿ, ಎಲ್ಲ ತಣ್ಣೀರಿನ ನಲ್ಲಿ ಒಂದೊಂದಾಗಿ ಐದು ನಿಮಿಷ ಬಿಡಿ, ಗೀಸರ್ ನೀರು ಬದಲಾಗೋ ತನಕ ಹರಿಸಿ, ನಲ್ಲಿ ತುದಿ ಜಾಲರಿ ಬಿಚ್ಚಿ ತೊಳೀರಿ, ಫ್ರಿಜ್ಜಲ್ಲಿರೋ ಐಸ್ ಎಸೀರಿ. ಫಿಲ್ಟರ್ ಇದ್ರೆ ಕಾರ್ಟ್ರಿಡ್ಜ್ ಹೊಸದು ಹಾಕ್ಸಿ, ಹಳೇದನ್ನ ತೊಳೆದು ವಾಪಸ್ ಹಾಕೋ ಐಡಿಯಾ ಬೇಡ, ಆ ವಾರದ ಗಲೀಜೆಲ್ಲ ಹಿಡ್ಕೊಂಡು ಕೂತಿರೋದು ಅದೇ.